ಹಿಂದಿನ ಮನೆಯ ಉಂಗುರ

ಮಾರ್ಚ್ ೪, ಸೋಮವಾರ

ಈ ಕಾರು ನೀರು ಕುಡಿಯುತ್ತದೆ ಎಂಬ ಕಥೆಯನ್ನು ಮೊದಲು ಹೇಳಿದವರು ಗಣಿತದ ಟೀಚರು. ಎರಡು ವರ್ಷದ ಹಿಂದೆ, ನಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೇಳಿದ್ದರು. ಆವತ್ತು ಭಾವ “ಯಾವುದೋ ಪೈಪ್ ಸಡಿಲ ಆಗಿರುತ್ತೆ ಬಿಡಿ” ಎಂದು ಎರಡು ಕ್ಲಿಪ್ ಬಿಗಿದು ಕಳಿಸಿದರು. ಇವತ್ತು ಬೆಳಿಗ್ಗೆ ಟೀಚರು ಅದೇ ಕಥೆಯನ್ನು ಮತ್ತೆ ಹೇಳಿದರು, ಈ ಸಲ ಲೆಕ್ಕ ಸಮೇತ.

“ನಾಲ್ಕು ದಿನಕ್ಕೆ ಒಂದು ಲೀಟರ್ ಕಣೋ. ಕೆಳಗೆ ಒಂದು ಹನಿ ಬೀಳಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಹಿಂದೆ ಬಿಳಿ ಹೊಗೆ, ಸಕ್ಕರೆ ಸುಟ್ಟ ಹಾಗೆ ವಾಸನೆ. ಹಾಕಿದ ನೀರು ಎಲ್ಲಿಗೆ ಹೋಗ್ತಾ ಇದೆ ಅಂತ ಹೇಳು. ಎಂಟನೇ ಕ್ಲಾಸಿನ ಲೆಕ್ಕ ಇದು.”

ಎಂಟನೆಯ ಕ್ಲಾಸಿನಲ್ಲಿ ನನ್ನನ್ನು ವರ್ಷವಿಡೀ ಬೆಂಚಿನ ಮೇಲೆ ನಿಲ್ಲಿಸಿದವರು ಇವರೇ. ನನಗೀಗ ನಲವತ್ತೊಂದು. ಅವರ ಮುಂದೆ ನಿಂತರೆ ಈಗಲೂ ಮೊಣಕಾಲು ನೋಯುತ್ತದೆ.

ಅವರ ಕಾರು ಹಳೆಯದು. ಅದರದು ರೋಟರಿ ಇಂಜಿನ್ನು, ಎಲ್ಲ ಕಾರಿನ ಹಾಗಲ್ಲ. ಅದರೊಳಗೆ ಮೇಲೆ ಕೆಳಗೆ ಕುಟ್ಟುವ ಪಿಸ್ಟನ್ನೇ ಇಲ್ಲ. ಬದಿ ಉಬ್ಬಿದ ತ್ರಿಕೋನವೊಂದು ಮೊಟ್ಟೆಯಾಕಾರದ ಮನೆಯೊಳಗೆ ಗಿರಗಿರ ಸುತ್ತುತ್ತದೆ. ಅಂಥವು ಎರಡು, ಮುಂದಿನ ಮನೆ ಮತ್ತು ಹಿಂದಿನ ಮನೆ. ಆಚೆ, ಈಚೆ, ನಡುವೆ ಕಬ್ಬಿಣದ ದಪ್ಪ ಫಲಕಗಳು. ಎಲ್ಲವನ್ನೂ ಬಾಚಿ ಹಿಡಿಯಲು ಹದಿನೆಂಟು ಉದ್ದನೆಯ ಬೋಲ್ಟು. ಮನೆಯ ಗೋಡೆಯೊಳಗೆ ನೀರು ಹರಿಯುತ್ತದೆ, ಗೋಡೆಯ ಆಚೆ ಬೆಂಕಿ. ಇವೆರಡೂ ಒಂದನ್ನೊಂದು ಮುಟ್ಟದಂತೆ ಕಾಯುವುದು ಬಳೆಗಿಂತ ತೆಳ್ಳಗಿನ ರಬ್ಬರ್ ಉಂಗುರ. ಆರು ವರ್ಷದ ಹಿಂದೆ ಈ ಇಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದವರು ನಮ್ಮ ಭಾವ.

ಭಾವ ಈಗ ಮಲಗಿದ್ದಾರೆ. ಮೂರು ವಾರದ ಹಿಂದೆ ಗೇರ್‌ಬಾಕ್ಸ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವರ ಮಂಚ, ನಡುವೆ ಹಲಗೆಯ ಗೋಡೆ. ನಾನು ಇಲ್ಲಿ ಕೆಮ್ಮಿದರೆ ಅವರು ಅಲ್ಲಿಂದ ಕಾರಣ ಕೇಳುತ್ತಾರೆ.

ಟೀಚರು ಹೋದ ಮೇಲೆ ಭಾವ ಹೇಳಿದ್ದು ಇಷ್ಟೇ: “ಪೈಪ್ ನೋಡು. ಇದೊಂದು ಮುಗಿಸಿಬಿಡು. ಇದೇ ಕೊನೇದು.”

ತಿಂಗಳ ಕೊನೆಗೆ ಗ್ಯಾರೇಜ್ ಮುಚ್ಚುವುದೆಂದು ಅವರು ತೀರ್ಮಾನಿಸಿ ಆಗಿದೆ. ಸಾಮಾನು ತೂಗಿಕೊಂಡು ಹೋಗಲು ಗುಜರಿಯವನು ಮೂವತ್ತೊಂದಕ್ಕೆ ಬರುತ್ತಾನೆ. ನನಗೇನೂ ಬೇಸರವಿಲ್ಲ. ಬಸ್ ಡಿಪೋದಲ್ಲಿ ನನಗೊಂದು ಕೆಲಸ ಇಟ್ಟುಕೊಂಡಿದ್ದಾರೆ, ಒಂದನೇ ತಾರೀಖಿನಿಂದ. ಅಲ್ಲಿ ಐದು ಗಂಟೆಗೆ ಗಂಟೆ ಹೊಡೆಯುತ್ತಾರಂತೆ, ಹೊಡೆದ ಮೇಲೆ ಯಾರೂ ಕೂಗುವುದಿಲ್ಲವಂತೆ. ಹದಿನಾರು ವರ್ಷ ಈ ಗೋಡೆಯ ಕೂಗು ಕೇಳಿ ಸಾಕಾಗಿದೆ.

ಈ ನೋಟ್‌ಬುಕ್ಕು ಅಕ್ಕ ಕೊಟ್ಟದ್ದು, ಕಾರಿಗೆ ಎಷ್ಟು ನೀರು ಹಾಕಿದೆ ಎಂದು ಬರೆದಿಡಲು. ಯಾರೂ ಓದುವುದಿಲ್ಲ. ಎಣ್ಣೆ ಕೈಯ ನನ್ನ ಅಕ್ಷರವನ್ನು ನಾನೇ ಓದಲಾರೆ.

ಹಾಕಿದ ನೀರು: ಮುಕ್ಕಾಲು ಲೀಟರು.

ಮಾರ್ಚ್ ೫, ಮಂಗಳವಾರ

ರೇಡಿಯೇಟರಿನ ಬಾಯಿಗೆ ಒತ್ತಡದ ಕೈಪಂಪು ಕೂರಿಸಿ ಗಾಳಿ ತುಂಬಿದೆ. ಸೋರಿಕೆ ಇದ್ದರೆ ಪಂಪಿನ ಸೂಜಿ ಇಳಿಯುತ್ತದೆ. ಇಳಿಯಿತು. ನೋಡುತ್ತಾ ನಿಂತರೆ ಇಳಿಯುವುದಿಲ್ಲ, ಟೀ ಕುಡಿದು ಬಂದರೆ ಇಳಿದಿರುತ್ತದೆ.

ಕಾರಿನ ಕೆಳಗೆ ಹೋಗಿ ಮಲಗಿದೆ. ಒಣ ನೆಲ. ಹೀಟರಿಗೆ ಹೋಗುವ ಪೈಪಿನ ಕ್ಲಿಪ್ಪಿನಲ್ಲಿ ಸ್ವಲ್ಪ ತೇವ ಸಿಕ್ಕಿತು. ಅಷ್ಟಕ್ಕೇ ಖುಷಿಯಾಗಿ “ಸಿಕ್ತು!” ಎಂದು ಕೂಗಿಬಿಟ್ಟೆ.

“ಏನಂತೆ?” ಗೋಡೆಯಾಚೆಯಿಂದ ಭಾವ.

“ಸಿಕ್ತಂತೆ,” ಅಕ್ಕ.

“ಏನು ಸಿಕ್ತಂತೆ?”

“ಅದೆಲ್ಲ ನನಗೆ ಗೊತ್ತಿಲ್ಲ. ನಿಮ್ಮಿಬ್ಬರ ನಡುವೆ ನಾನೇನು ಟಪಾಲಿನವಳಾ? ಬಾಯಿ ಇದೆಯಲ್ಲ, ಕೂಗಿ.”

ನಾನೂ ಭಾವನೂ ನೇರ ಮಾತಾಡುವುದು ಕಡಿಮೆ. ಜಗಳವೇನೂ ಇಲ್ಲ, ಮಾತು ತೀರಿಹೋಗಿದೆ ಅಷ್ಟೆ. ಕ್ಲಿಪ್ ಬದಲಿಸಿದೆ. ಮತ್ತೆ ಪಂಪು ಹೊಡೆದೆ. ಸೂಜಿ ಮತ್ತೆ ಇಳಿಯಿತು.

“ಇಳೀತಾ?” ಎಂದರು ಭಾವ.

ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದರೆ ಇಳಿದಿದೆ ಎಂದೇ ಅರ್ಥ, ಅವರಿಗೆ ಗೊತ್ತು.

ಮಾರ್ಚ್ ೭, ಗುರುವಾರ

ನೀರಿನ ಪಂಪು ನೋಡಿದೆ. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ತೂತಿರುತ್ತದೆ, ಒಳಗಿನ ಸೀಲು ಹೋದರೆ ಅಲ್ಲಿ ತೊಟ್ಟಿಕ್ಕುತ್ತದೆ. ಬೆರಳಿಟ್ಟೆ, ಬರೀ ಧೂಳು. ಥರ್ಮೋಸ್ಟಾಟಿನ ಗ್ಯಾಸ್ಕೆಟ್ಟು ಹೊಸದು ಹಾಕಿದೆ. ರೇಡಿಯೇಟರಿನ ಎರಡೂ ಬದಿ ಒರೆಸಿ ಟಾರ್ಚು ಬಿಟ್ಟು ನೋಡಿದೆ. ಕಾರಿನೊಳಗೆ ಕಾಲಿಡುವ ಕಡೆ ಮ್ಯಾಟು ಎತ್ತಿ ಮೂಸಿದೆ. ಹೀಟರು ಸೋರಿದರೆ ಅಲ್ಲಿ ಸಿಹಿ ವಾಸನೆ ಬರಬೇಕು. ಬಂದದ್ದು ಟೀಚರ ಚಪ್ಪಲಿ ವಾಸನೆ.

ಮಧ್ಯಾಹ್ನ ಮುಚ್ಚಳ ತೆಗೆದು ಇಂಜಿನ್ನು ಓಡಿಸಿದೆ. ರೇಡಿಯೇಟರಿನ ಬಾಯಲ್ಲಿ ಗುಳ್ಳೆ. ಮೊದಲು ಒಂದೊಂದು, ಆಮೇಲೆ ಸೋಡಾ ಬಾಟಲಿಯ ಹಾಗೆ. ಗುಳ್ಳೆ ಬಂದರೆ ಒಳಗಿನ ಬೆಂಕಿಯ ಗಾಳಿ ನೀರಿಗೆ ಸೇರುತ್ತಿದೆ ಎಂದು. ಖಾತ್ರಿಗೆ ಪರೀಕ್ಷೆಯ ನೀಲಿ ದ್ರವ ಹಿಡಿದೆ. ಹಳದಿಯಾಯಿತು.

ಹೊರಗೆಲ್ಲೂ ಸೋರುತ್ತಿಲ್ಲ. ಒಳಗೆ ಸೋರುತ್ತಿದೆ. ಇಂಜಿನ್ನೇ ಕುಡಿಯುತ್ತಿದೆ.

ಭಾವನಿಗೆ ಹೇಳಿದೆ. ಗೋಡೆಯಾಚೆಯಿಂದ, “ನೀರಿನ ಪಂಪ್ ಇನ್ನೊಂದ್ಸಲ ನೋಡು,” ಎಂದರು.

ಇನ್ನೊಂದು ಸಲ ನೋಡಿದೆ. ಪಂಪಿಗೆ ಏನಾಗಿದೆ? ಪಂಪು ನನಗಿಂತ ಗಟ್ಟಿಯಾಗಿದೆ.

ಮಾರ್ಚ್ ೯, ಶನಿವಾರ

ನಿನ್ನೆ ಸಂಜೆ ಒತ್ತಡ ತುಂಬಿ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ನಾಲ್ಕು ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿದೆ, ಮನೆಗೆ ಎರಡೆರಡು. ಪಕ್ಕದ ಅಂಗಡಿಯ ವೆಲ್ಡರನ್ನು ಕರೆದು ಕೀ ತಿರುಗಿಸಲು ಕೂರಿಸಿದೆ. ನಾನು ಪ್ಲಗ್ಗಿನ ತೂತುಗಳ ಮುಂದೆ ಅಂಗೈ ಹಿಡಿದು ಕೂತೆ.

ಮುಂದಿನ ಮನೆ, ಬರೀ ಗಾಳಿ. ಹಿಂದಿನ ಮನೆಯ ಕೆಳಗಿನ ತೂತು, ಫಸ್ ಎಂದು ಮಂಜು. ನೀರಿಗೆ ಬೆರೆಸುವ ಕೂಲಂಟಿನಿಂದ ಅಂಗೈ ಹಸಿರಾಯಿತು, ಮೂಸಿದರೆ ಸಿಹಿ.

“ಸಿಕ್ತಲ್ಲ ಮಾರಾಯ, ಮುಖ ಯಾಕೆ ಹಾಗೆ?” ಎಂದ ವೆಲ್ಡರ್.

ಸಿಕ್ಕಿದ್ದಕ್ಕೇ. ಹಿಂದಿನ ಮನೆಯ ಉಂಗುರ ಹೋಗಿದೆ. ಅಂದರೆ ಇಂಜಿನ್ನು ಇಳಿಸಬೇಕು, ಪೂರ್ತಿ ಬಿಚ್ಚಬೇಕು. ಭಾವನ ಸೊಂಟ ಮಂಚದಲ್ಲಿ, ನನ್ನ ಸೊಂಟ ಒಂದೇ.

ಹೇಳಲು ಒಳಗೆ ಹೋದೆ. ಭಾವ ಸೂರು ನೋಡುತ್ತಿದ್ದರು.

“ಹಿಂದಿನದಾ?”

“ಹೂಂ.”

“ಮುಂದಿನದು ಸರಿ ಇದೆಯಾ?”

“ಹೂಂ.”

ಆಮೇಲೆ ಅವರು ತಮ್ಮ ಎರಡೂ ಕೈಯನ್ನು ಮುಖದ ಮುಂದೆ ಹಿಡಿದುಕೊಂಡು ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ. “ಗೊತ್ತಿತ್ತು ಕಣೋ. ಎರಡು ವರ್ಷದಿಂದ ಗೊತ್ತಿತ್ತು. ನೋಡೋಕೆ ಧೈರ್ಯ ಇರಲಿಲ್ಲ. ಇಂಜಿನ್ ಕಟ್ಟೋ ಕೈ ಹೋಯ್ತು ನಂದು.” ಇಷ್ಟು ಹೇಳಿ ಗೋಡೆಯ ಕಡೆ ತಿರುಗಿದರು. ಸೊಂಟ ನೋಯುವವರು ಹಾಗೆ ತಿರುಗಬಾರದು.

ಎರಡು ವರ್ಷದಿಂದ ಯಾರು ಇಂಜಿನ್ ಕೆಲಸ ತಂದರೂ ಭಾವ “ಬೇರೆ ಕಡೆ ತೋರಿಸಿ” ಎನ್ನುತ್ತಿದ್ದರು. ನಾವು ಎಣ್ಣೆ ಬದಲಿಸುವುದು, ಬ್ರೇಕು, ಪಂಕ್ಚರ್ ಇಷ್ಟಕ್ಕೇ ಇಳಿದೆವು. ವಯಸ್ಸಾಯಿತು, ಸೋಮಾರಿತನ ಎಂದುಕೊಂಡಿದ್ದೆ. ಹೀಗೆಂದು ಗೊತ್ತಿರಲಿಲ್ಲ.

ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇದೆ. ಯಾರು ಕೊನೆಯ ಬೋಲ್ಟು ಬಿಗಿಯುತ್ತಾರೋ ಇಡೀ ಇಂಜಿನ್ನಿನ ಜವಾಬ್ದಾರಿ ಅವರದೇ. ಆವತ್ತು ಬಿಗಿದವರು ಭಾವ. ಹಾಗಾಗಿ ಅವರದೇ. ಅದರಲ್ಲಿ ನಾನು ಮಾಡುವುದೇನಿದೆ? ಮಲಗುತ್ತೇನೆ.

ಮಾರ್ಚ್ ೧೨, ಮಂಗಳವಾರ

ಇಂಜಿನ್ನು ಇಳಿಸಿದೆ. ವೆಲ್ಡರ್ ಚೈನು ಹಿಡಿದ. ಇಡೀ ಇಂಜಿನ್ನು ನೋಡಿದರೆ ಎರಡು ಕೊಡ ಸೇರಿಸಿ ಕಟ್ಟಿದಷ್ಟು. ಇಷ್ಟು ಸಣ್ಣದು ಇಷ್ಟು ಜನರ ನಿದ್ದೆ ಕೆಡಿಸುತ್ತದೆ. ಊಟಕ್ಕೆ ಕೂತಾಗ ಕೈ ಎತ್ತಲಾಗಲಿಲ್ಲ, ಅಕ್ಕ ತಟ್ಟೆಯನ್ನೇ ಹತ್ತಿರ ಸರಿಸಿದಳು.

“ಅವರು ಇವತ್ತೂ ಸರಿಯಾಗಿ ಊಟ ಮಾಡಲಿಲ್ಲ,” ಎಂದಳು.

ನಾನು ಕೇಳಿರಲಿಲ್ಲ.

ಮಾರ್ಚ್ ೧೪, ಗುರುವಾರ

ಬರೆಯಬಾರದೆಂದಿದ್ದೆ. ಆದರೆ ಬೇರೆ ಯಾರಿಗೆ ಹೇಳಲಿ?

ಬೆಳಿಗ್ಗೆ ಹದಿನೆಂಟು ಬೋಲ್ಟನ್ನೂ ತೆಗೆದು ಒಂದೊಂದೇ ಪದರ ಎತ್ತಿದೆ. ಮುಂದಿನ ಮನೆಯ ಉಂಗುರಗಳು ಹೊಸದರ ಹಾಗಿದ್ದವು. ಹಿಂದಿನ ಮನೆ ಎತ್ತಿದಾಗ ಒಂದು ಮುಖದ ಉಂಗುರ ಚೆನ್ನಾಗಿತ್ತು, ಇನ್ನೊಂದು ಮುಖದ್ದು ಪ್ಲಗ್ಗಿನ ಕಡೆ ಸುಟ್ಟು, ಬೆರಳು ಮುಟ್ಟಿದರೆ ಪುಡಿ. ಸರಿಯಾಗಿ ಬೆಸುಗೆಯ ಜಾಗದಲ್ಲಿ.

ಉಂಗುರಕ್ಕೊಂದು ಬೆಸುಗೆ ಇರುತ್ತದೆ, ರಬ್ಬರಿನ ಎರಡು ತುದಿ ಕೂಡಿಸಿದ ಜಾಗ. ಅದು ಉಂಗುರದ ಬಡ ಜಾಗ. ಪ್ಲಗ್ಗಿನ ಕಡೆ ಬೆಂಕಿ ಹೆಚ್ಚು, ಅಲ್ಲಿ ಬೆಸುಗೆ ಬರಬಾರದು, ಎದುರು ಕಡೆ ಬರಬೇಕು. ನನಗೆ ಭಾವ ಕಲಿಸಿದ ಮೊದಲನೆಯ ಪಾಠಗಳಲ್ಲಿ ಇದೂ ಒಂದು. ಭಾವ ಹೇಗೆ ಮಾಡುತ್ತಾರೆಂದರೆ, ಮನೆಯನ್ನು ಎರಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಹೆಬ್ಬೆರಳನ್ನು ಪ್ಲಗ್ಗಿನ ತೂತಿನ ಮೇಲೆ ಇಡುತ್ತಾರೆ. ಹೆಬ್ಬೆರಳು ಅಲ್ಲೇ ಇರುವಾಗ ಬೆಸುಗೆಯನ್ನು ಎದುರು ಕಡೆ ಕೂರಿಸುತ್ತಾರೆ. ಎಡ ಬಲ ಎಂದು ಅವರು ಯೋಚಿಸುವುದೇ ಇಲ್ಲ.

ಎಡ ಬಲ ಎಂದು ಯೋಚಿಸುವವನು ನಾನು.

ಹಿಂದಿನ ಮನೆಯ ಎರಡೂ ಮುಖದಲ್ಲಿ ಬೆಸುಗೆ ಎಡಗಡೆಗೇ ಇತ್ತು. ಮೊದಲನೆಯ ಮುಖಕ್ಕೆ ಎಡ ಸರಿ. ಮನೆ ಮಗುಚಿ ಎರಡನೆಯ ಮುಖ ಮೇಲೆ ಬಂದಾಗ ಪ್ಲಗ್ಗಿನ ತೂತು ತಾನೂ ಎಡಕ್ಕೆ ಬಂದಿರುತ್ತದೆ. ಅದನ್ನು ನೋಡದೆ ಮತ್ತೆ ಎಡಕ್ಕೇ ಕೂರಿಸಿದವರು ಭಾವ ಆಗಿರಲಾರರು.

ಎಲ್ಲ ನೆನಪಾಯಿತು. ಆರು ವರ್ಷದ ಹಿಂದೆ ಆ ದಿನ ಭಾವ ಮುಂದಿನ ಮನೆ ಮುಗಿಸಿ, ಹಿಂದಿನದಕ್ಕೆ ಕೈ ಹಾಕುವ ಹೊತ್ತಿಗೆ ಅಕ್ಕ ಒಲೆಯ ಬಳಿ ಕೈ ಸುಟ್ಟುಕೊಂಡಳು. ಭಾವ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಹೊರಡುವಾಗ “ನಾನು ಬರೋ ತನಕ ಮುಟ್ಟಬೇಡ” ಎಂದರು. ಹತ್ತು ವರ್ಷ ಕೆಲಸ ಮಾಡಿದವನಿಗೆ ‘ಮುಟ್ಟಬೇಡ’ ಎಂದರೆ ಹೇಗಾಗುತ್ತದೆ? ಮುಟ್ಟಿದೆ. ಎರಡು ಉಂಗುರ ಕೂರಿಸಿದೆ, ಫಲಕವನ್ನೂ ಮೇಲಿಟ್ಟೆ. ಸಂಜೆ ಭಾವ ಕಂಗಾಲಾಗಿ ಬಂದರು, ಬೋಲ್ಟು ಹಾಕುವುದೊಂದು ಬಿಟ್ಟು ಇಂಜಿನ್ನು ಪೂರ್ತಿ ಜೋಡಿಸಿಯಾಗಿತ್ತು. “ನಾನು ಹೋಗೋ ಮೊದಲೇ ಇಷ್ಟು ಆಗಿತ್ತಲ್ವಾ,” ಎಂದು ತಮಗೆ ತಾವೇ ಹೇಳಿಕೊಂಡು ಬೋಲ್ಟು ಬಿಗಿದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಾನು ನೆಲ ಗುಡಿಸುತ್ತಿದ್ದೆ.

ಈಗ ಗೋಡೆಯಾಚೆಯಿಂದ ಕೇಳಿದರು: “ಬೆಸುಗೆ ಎಲ್ಲಿದೆ ನೋಡಿದ್ಯಾ?”

“ಸುಟ್ಟುಹೋಗಿದೆ. ಗೊತ್ತಾಗಲ್ಲ. ರಬ್ಬರ್ ಹಳೇದಾಗಿತ್ತು ಅಷ್ಟೆ,” ಎಂದೆ.

ಮತ್ತೆ ಫಲಕ ಒರೆಸಲು ಕೂತೆ.

ಮಾರ್ಚ್ ೧೫, ಶುಕ್ರವಾರ

ಮೈಕೈ ನೋವು. ಹೊಸ ಉಂಗುರ ತರಿಸಲು ಹೇಳಿದೆ.

ಮಾರ್ಚ್ ೧೬, ಶನಿವಾರ

ಉಂಗುರ ಕೂರುವ ತೋಡನ್ನು ಕೆರೆದು ತೊಳೆದೆ. ಅಲ್ಲಲ್ಲಿ ತುಕ್ಕು ಕಚ್ಚಿದೆ, ಆದರೆ ಅಂಚು ಮುರಿದಿಲ್ಲ. ಬಚಾವು.

ಸುಟ್ಟ ಉಂಗುರವನ್ನು ಕಸದ ಡಬ್ಬಿಗೆ ಹಾಕಿದೆ. ಆಮೇಲೆ ತೆಗೆದೆ. ಮತ್ತೆ ಹಾಕಿದೆ.

ಮಾರ್ಚ್ ೧೯, ಮಂಗಳವಾರ

ಪಾರ್ಸೆಲ್ಲು ಬಂತು. ಇವತ್ತು ಕಟ್ಟಿದೆ. ಮನೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಹೆಬ್ಬೆರಳು ಪ್ಲಗ್ಗಿನ ತೂತಿನ ಮೇಲಿಟ್ಟು, ಬೆಸುಗೆ ಎದುರು ಕಡೆ. ಉಂಗುರ ಜಾರದಂತೆ ವ್ಯಾಸಲೀನು ತೆಳ್ಳಗೆ ಸವರಿದೆ. ನಾಲ್ಕು ಮುಖ, ನಾಲ್ಕು ಸಲ ಹೆಬ್ಬೆರಳು. ಪ್ರತಿ ಸಲವೂ ಕಣ್ಣು ಮುಚ್ಚಿ ಇನ್ನೊಮ್ಮೆ ಮುಟ್ಟಿ ನೋಡಿದೆ.

ಹದಿನೆಂಟು ಬೋಲ್ಟನ್ನು ಕ್ರಮವಾಗಿ, ಮೂರು ಸುತ್ತಿನಲ್ಲಿ ಬಿಗಿಯಬೇಕು, ಒಂದು ಕಡೆಯೇ ಎಳೆದರೆ ಫಲಕ ಸೊಟ್ಟಗಾಗುತ್ತದೆ. ಬಿಗಿಯುವ ಕೋಲು ಸರಿಯಾದ ಬಿಗಿಗೆ ಬಂದಾಗ ಟಕ್ ಎನ್ನುತ್ತದೆ. ಕೊನೆಯ ಸುತ್ತಿನಲ್ಲಿ ನಾನು ಉಸಿರು ತೆಗೆದುಕೊಳ್ಳಲು ನಿಂತೆ.

“ಹದಿನೇಳಾಯ್ತು,” ಎಂದಿತು ಗೋಡೆ. “ಇನ್ನೊಂದು ಯಾರ ಮಗಳ ಮದುವೆಗೆ ಇಟ್ಕೊಂಡಿದ್ದೀಯ?”

ಭಾವ ಎಣಿಸುತ್ತಿದ್ದರು. ಎಷ್ಟೋ ದಿನದ ಮೇಲೆ ತಮಾಷೆ ಮಾಡಿದರು. ನಗು ಬಂತು. ಹದಿನೆಂಟನೆಯದನ್ನು ಬಿಗಿದೆ, ನಗು ನಿಂತಿತು.

ಮಾರ್ಚ್ ೨೨, ಶುಕ್ರವಾರ

ಇಂಜಿನ್ನು ಕೂರಿಸಿ, ಪೈಪು ಜೋಡಿಸಿ, ಕೂಲಂಟು ತುಂಬಿ, ಗಾಳಿ ಹೊರಗೆ ಬಿಟ್ಟೆ. ಕೈಪಂಪು ಹೊಡೆದು ಮೂರು ಗಂಟೆ ಬಿಟ್ಟು ನೋಡಿದೆ. ಸೂಜಿ ಇಟ್ಟಲ್ಲೇ ಇತ್ತು. ನಂಬಿಕೆ ಬರದೆ ಪಂಪನ್ನು ತಟ್ಟಿದೆ. ಆಗಲೂ ಅಲ್ಲೇ.

ಸ್ಟಾರ್ಟ್ ಮಾಡಿದಾಗ ಮೊದಲು ಎಣ್ಣೆಯ ನೀಲಿ ಹೊಗೆ, ಆಮೇಲೆ ಏನೂ ಇಲ್ಲ. ಗುಳ್ಳೆ ಇಲ್ಲ. ಈ ಇಂಜಿನ್ನಿಗೆ ಪಿಸ್ಟನ್ನಿನ ಗಡಗಡ ಇಲ್ಲ, ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತದೆ. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

“ಆಯ್ತಾ?”

“ಆಯ್ತು.”

“ಮತ್ತೆ ಯಾಕೋ ಹೀಗೆ ನಿಂತಿದ್ದೀಯ, ಕಾರು ಕಳಕೊಂಡೋನ ಹಾಗೆ?”

ಸುಸ್ತು ಎಂದೆ. ಸುಳ್ಳೇನಲ್ಲ.

ಮಾರ್ಚ್ ೨೬, ಮಂಗಳವಾರ

ನಾಲ್ಕು ದಿನ ಓಡಿಸಿದೆ. ಹಾಕಿದ ನೀರು: ಇಲ್ಲ.

ಭಾವ ಸೊಂಟಪಟ್ಟಿ ಕಟ್ಟಿಕೊಂಡು ಗೋಡೆ ಹಿಡಿದು ನಡೆಯುತ್ತಿದ್ದಾರೆ. ಗ್ಯಾರೇಜಿನ ಕಡೆ ಮಾತ್ರ ಬರುವುದಿಲ್ಲ. ಅಕ್ಕನ ಹತ್ತಿರ, ಕಬ್ಬಿಣ ಕಚ್ಚಿ ಹಿಡಿಯುವ ದೊಡ್ಡ ವೈಸು ಗುಜರಿಗೆ ಹಾಕುವುದು ಬೇಡ, ಯಾರಾದರೂ ಕೆಲಸ ಮಾಡುವವರಿಗೆ ಕೊಡು ಎಂದರಂತೆ. ಅದು ಅವರ ಗುರುವಿನ ವೈಸು. ಆ ಮಾತು ಕೇಳಿದ ಮೇಲೆ ಇಡೀ ಮಧ್ಯಾಹ್ನ ನಾನು ಎಲ್ಲ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಳತೆಯ ಪ್ರಕಾರ ಗೋಡೆಗೆ ನೇತುಹಾಕಿದೆ. ತೂಗಿ ಮಾರುವ ಕಬ್ಬಿಣವನ್ನು ಯಾರು ತೊಳೆಯುತ್ತಾರೆ? ಗೊತ್ತಿಲ್ಲ, ಕೈ ಸುಮ್ಮನಿರಲಿಲ್ಲ.

ಡಿಪೋದಿಂದ ಫೋನು ಬಂದಿತ್ತು. ಕೈಯೆಲ್ಲ ಎಣ್ಣೆ. ಆಮೇಲೆ ಮಾಡಿದರಾಯಿತು ಎಂದುಕೊಂಡು ಮರೆತೆ.

ಮಾರ್ಚ್ ೨೮, ಗುರುವಾರ

ಸಂಜೆ ನಾಲ್ಕಕ್ಕೆ ಟೀಚರು ಕಾರು ಒಯ್ಯಲು ಬಂದರು. ಇನ್ನೂ ಬಿಸಿಲಿತ್ತು. ಮುಚ್ಚಳ ತೆರೆಸಿ ನೀರಿನ ಮಟ್ಟ ತಾವೇ ನೋಡಿದರು. “ಎಲ್ಲಿ ಹೋಗ್ತಿತ್ತು ಅಂತ ಹೇಳಲಿಲ್ಲ ನೀನು,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲಿನಿಂದ ಭಾವ ಬಂದರು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಅಕ್ಕನ ಹೆಗಲ ಮೇಲೆ. ಒಗೆದ ಅಂಗಿ ಹಾಕಿಕೊಂಡಿದ್ದರು.

“ನಾನು ಹೇಳ್ತೀನಿ ಟೀಚರ್. ತಪ್ಪು ನಂದು. ಹಿಂದಿನ ಮನೆ ಉಂಗುರ ನಾನೇ ಸರಿಯಾಗಿ ಕೂರಿಸಿರಲಿಲ್ಲ. ನಿಮ್ಮನ್ನ ಎರಡು ವರ್ಷ ಪೈಪು ಅಂತ ಓಡಾಡಿಸಿದೆ. ಕೈ ಹೋದೋನು ಇಂಜಿನ್ ಮುಟ್ಟಬಾರದು, ಅದಕ್ಕೇ ಈ ಭಾನುವಾರ ಮುಚ್ತಾ ಇದ್ದೀನಿ.”

ವೆಲ್ಡರ್ ಬಾಗಿಲಲ್ಲಿ ನಿಂತಿದ್ದವನು ನೆಲ ನೋಡಿದ. ಭಾವ ಕಾರಿನ ಕೀಯನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದರು. ಆ ಕೈ ನಡುಗುತ್ತಿತ್ತು. ಸೊಂಟ ನೋವಿಗೆ ಕೈ ನಡುಗುವುದಿಲ್ಲ.

“ಕೂತ್ಕೊಳ್ಳಿ ಎಲ್ಲರೂ,” ಎಂದೆ. ಯಾಕೆ ಹಾಗೆ ಹೇಳಿದೆನೋ. ನಮ್ಮಜ್ಜಿ ಕಥೆ ಶುರು ಮಾಡುವಾಗ ಹಾಗನ್ನುತ್ತಿದ್ದಳು.

ಅವರು ಕೂತರು. ಭಾವ ಸ್ಟೂಲಿನ ಮೇಲೆ, ಟೀಚರು ಹಳೆಯ ಕಾರಿನ ಸೀಟಿನ ಮೇಲೆ. ಹೇಳಿದೆ. ಅಕ್ಕನ ಸುಟ್ಟ ಕೈಯಿಂದ ಶುರು ಮಾಡಿದೆ, ‘ಮುಟ್ಟಬೇಡ’ ಎಂದದ್ದು, ಮುಟ್ಟಿದ್ದು, ಎಡಕ್ಕೆ ಒಂದು, ಮಗುಚಿ ಮತ್ತೆ ಎಡಕ್ಕೆ ಒಂದು, ಸಂಜೆ ನೆಲ ಗುಡಿಸಿದ್ದು. ಎರಡು ವಾರದ ಹಿಂದೆ ಬಿಚ್ಚಿ ನೋಡಿದ್ದು, ಗೊತ್ತಾಗಲ್ಲ ಎಂದು ಸುಳ್ಳು ಹೇಳಿದ್ದು. ಕಪಾಟಿನಿಂದ ಸುಟ್ಟ ಉಂಗುರ ತಂದು ಬೆಂಚಿನ ಮೇಲಿಟ್ಟೆ. ಅದನ್ನು ಕಸದ ಡಬ್ಬಿಯಿಂದ ಮತ್ತೆ ಯಾವಾಗ ತೆಗೆದಿಟ್ಟೆನೋ ಬರೆದಿಲ್ಲ.

ಮೊದಲು ಮಾತಾಡಿದವರು ಟೀಚರು. “ಮಗುಚಿದ್ರೆ ಎಡ ಬಲ ಆಗುತ್ತೆ. ಕಾಗದ ಕತ್ತರಿಸಿ ತೋರಿಸಿದ್ದೆ. ಸುಮ್ಮನೆ ನಿಲ್ಲಿಸ್ತಿದ್ದೆ ಅಂದ್ಕೊಂಡಿದ್ದೆಯಾ ನಿನ್ನ?”

“ನಾನು ಕೈ ಸುಟ್ಕೊಂಡಿದ್ದು ಬೇರೆ ಸೇರಿಸಿಬಿಟ್ಟ ನೋಡಿ,” ಎಂದಳು ಅಕ್ಕ.

ಭಾವ ಉಂಗುರ ಎತ್ತಿಕೊಂಡರು. ಹೆಬ್ಬೆರಳಿನಲ್ಲಿ ಸುತ್ತ ಸವರುತ್ತಾ ಬಂದು ಬೆಸುಗೆಯ ಹತ್ತಿರ ನಿಲ್ಲಿಸಿದರು.

“ಎರಡು ವರ್ಷ,” ಎಂದರು. “ರಾತ್ರಿ ಎದ್ದು ಕೂತು ನನ್ನ ಕೈ ನಾನೇ ನೋಡ್ಕೊಳ್ತಿದ್ದೆ ಕಣೋ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ಇಂಜಿನ್ ತಂದೋರನ್ನೆಲ್ಲ ವಾಪಸ್ ಕಳಿಸಿದೆ. ಎರಡು ವಾರದಿಂದ ಗೋಡೆ ಆಚೆ ಗೊತ್ತಿದ್ದೂ ಸುಮ್ಮನಿದ್ಯಲ್ಲ, ನೀನು ಮನುಷ್ಯನಾ?”

ಅವರು ಎದ್ದು ಯಾರ ಹೆಗಲೂ ಹಿಡಿಯದೆ ಒಳಗೆ ಹೋದರು. ಉಂಗುರ ಅವರ ಕೈಯಲ್ಲೇ ಇತ್ತು. ಟೀಚರು ಕಾರು ತೆಗೆದುಕೊಂಡು ಹೊರಟರು, ವೆಲ್ಡರ್ ಶಟರ್ ಎಳೆದುಕೊಟ್ಟ.

ಬಟ್ಟೆ ಗಂಟು ಕಟ್ಟಿಟ್ಟಿದ್ದೇನೆ. ಹೋಗು ಎಂದರೆ ಬೆಳಿಗ್ಗೆಯೇ ಹೋಗಬೇಕಲ್ಲ.

ಮಾರ್ಚ್ ೨೯, ಶುಕ್ರವಾರ

ಬೆಳಿಗ್ಗೆ ನಾನು ಮಲಗುವ ಅಟ್ಟದಿಂದ ಕೆಳಗಿಳಿದಾಗ ಶಟರ್ ಆಗಲೇ ಮೇಲಿತ್ತು.

ವೆಲ್ಡರ್ ಕೈಗಾಡಿಯಲ್ಲಿ ತನ್ನ ಜನರೇಟರನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದ. ಒಂದು ವರ್ಷದಿಂದ ಅದು ಹೊಗೆ ಕಕ್ಕುತ್ತಿತ್ತಂತೆ. “ಬೇರೆಯವರ ಹತ್ರ ಬಿಚ್ಚಿಸೋಕೆ ಮನಸ್ಸಾಗಿರಲಿಲ್ಲ,” ಎಂದ, ಸೂರಿಗೆ ಹೇಳಿದ ಹಾಗೆ.

ಅಕ್ಕ ಗುಜರಿಯವನಿಗೆ ಫೋನು ಹಚ್ಚಿದ್ದಳು. “ಬರಬೇಡಪ್ಪ ಭಾನುವಾರ. ಇಲ್ಲ, ಬೇರೆ ಯಾರಿಗೂ ಕೊಟ್ಟಿಲ್ಲ. ಸಾಮಾನು ಕೆಲಸಕ್ಕೆ ಹೋಗಿದೆ, ಯಾವಾಗ ಬರುತ್ತೋ ಗೊತ್ತಿಲ್ಲ.”

ಟೀಚರ ಕಾರು ರಸ್ತೆಯಂಚಿನಲ್ಲಿ ನಿಂತಿತ್ತು. ಅವರು ನನ್ನ ಕೆಲಸದ ಬೆಂಚಿನ ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ಎರಡು ಮೊಟ್ಟೆಯಾಕಾರ ಬರೆಯುತ್ತಿದ್ದರು, ಒಂದು ಮಗುಚುವ ಮೊದಲು, ಒಂದು ಮಗುಚಿದ ಮೇಲೆ. ಎರಡರಲ್ಲೂ ಪ್ಲಗ್ಗಿನ ಕಡೆ ದಪ್ಪನೆಯ ಅಡ್ಡಗೆರೆ. “ಇದನ್ನ ಅಳಿಸಿದ್ರೆ ಮತ್ತೆ ಬರ್ತೀನಿ,” ಎಂದು ಕೈ ಕೊಡವಿಕೊಂಡು ಹೋದರು.

ಭಾವ ಸ್ಟೂಲಿನ ಮೇಲೆ, ನನಗೆ ಬೆನ್ನು ಮಾಡಿ, ಜನರೇಟರಿನ ಮುಂದೆ ಕೂತಿದ್ದರು. ಅದರ ಹೊರಕವಚ ಬಿಚ್ಚಿ ಪಕ್ಕಕ್ಕಿಟ್ಟಾಗಿತ್ತು. ನನ್ನನ್ನು ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಅವರು ತಿರುಗಿ ನೋಡದೆ ಬಲಗೈಯನ್ನು ಹಿಂದಕ್ಕೆ ಚಾಚಿದರು, ಅಂಗೈ ಮೇಲೆ ಮಾಡಿ. ಕೈ ಸ್ಥಿರವಾಗಿತ್ತು.

ಗೋಡೆಯಿಂದ ಹನ್ನೆರಡರ ಸ್ಪ್ಯಾನರ್ ತೆಗೆದು ಇಟ್ಟೆ.

ಬೋಲ್ಟಿನ ಮೇಲೆ ಇಟ್ಟು ನೋಡಿ, ಅದೇ ಕೈಯಲ್ಲಿ ಹಿಂದಕ್ಕೆ ಕೊಟ್ಟರು.

“ಹದಿನಾಲ್ಕರದು ಕೊಡೋ. ನೋಡಿ ಕೊಡು.”

ನೋಡಿ ಕೊಟ್ಟೆ.